ವಿದ್ವಾಂಸನ ನಂತರ ಅವನ ಪುಸ್ತಕಗಳು

1834ನೆಯ ಇಸವಿಯಲ್ಲಿ, ಐದು ತಿಂಗಳ ಅಂತರದಲ್ಲಿ, ಇಂಗ್ಲೆಂಡಿನ ಧಾರ್ಮಿಕ ಮತ್ತು ಬೌದ್ಧಿಕ ಜೀವನದಲ್ಲಿ ಮುಂದೆ ಹೆಸರಾದ ಇಬ್ಬರು ಹುಟ್ಟಿದರು. ಜನವರಿ 10ರಂದು ಇಟಲಿಯ ನೇಪಲ್ಸ್ ನಗರದಲ್ಲಿ ಹುಟ್ಟಿದವರು ಜಾನ್ ಆಕ್ಟನ್. ಮುಂದೆ ಲಾರ್ಡ್ ಆಕ್ಟನ್ ಎಂದು ಪ್ರಸಿದ್ಧರಾದ ಕ್ಯಾಥೊಲಿಕ್ ಇತಿಹಾಸಕಾರ. ಜೂನ್ 19ರಂದು ಎಸೆಕ್ಸ್ ಪ್ರಾಂತದ ಕೆಲ್ವೆಡನ್ ಎಂಬ ಊರಿನಲ್ಲಿ ಹುಟ್ಟಿದವರು ಚಾರ್ಲ್ಸ್ ಹ್ಯಾಡನ್ ಸ್ಪರ್ಜನ್. ವಿಕ್ಟೋರಿಯಾ ಯುಗದ ಲಂಡನ್ನಿನಲ್ಲಿ ಅತಿ ಹೆಚ್ಚು ಜನ ಕೇಳಿದ ಬ್ಯಾಪ್ಟಿಸ್ಟ್ ಬೋಧಕ. ಒಬ್ಬರು ಶ್ರೀಮಂತ ಮನೆತನದವರು, ಇನ್ನೊಬ್ಬರು ಬಡ ಪಾದ್ರಿಗಳ ವಂಶದವರು. ಆದರೆ ಎರಡು ವಿಷಯಗಳಲ್ಲಿ ಇವರಿಗೆ ಸಾಮ್ಯವಿದೆ. ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರದ ಕಾರಣ ಇಬ್ಬರಿಗೂ ಅಲ್ಲಿನ ಪ್ರಾಚೀನ ವಿಶ್ವವಿದ್ಯಾಲಯಗಳ ಬಾಗಿಲು ತೆರೆದಿರಲಿಲ್ಲ. ಆ ಕೊರತೆಯನ್ನು ತುಂಬಿಕೊಳ್ಳಲೋ ಎಂಬಂತೆ ಇಬ್ಬರೂ ಜೀವನಪರ್ಯಂತ ಪುಸ್ತಕಗಳನ್ನು ಕೂಡಿಸಿದರು. ಈ ಎರಡು ಸಂಗ್ರಹಗಳು ಕೈಯಿಂದ ಕೈಗೆ ಹೋದ ಬಗೆ, ವಿದ್ವಾಂಸನ ಗ್ರಂಥಗಳಿಗೆ ಅವನ ನಂತರ ಏನಾಗುತ್ತದೆ ಎಂಬ ಪ್ರಶ್ನೆಗೆ ಎರಡು ಭಿನ್ನ ಉತ್ತರಗಳನ್ನು ಕೊಡುತ್ತದೆ. ಮೂರನೆಯ ಉತ್ತರವೊಂದು ನಮ್ಮ ದೇಶಕ್ಕೆ ಹೆಚ್ಚು ಪರಿಚಿತರಾದ ಇನ್ನೊಬ್ಬ ಪಂಡಿತರ ಕಥೆಯಲ್ಲಿದೆ.

ಮೊದಲು ಸ್ಪರ್ಜನ್ನರ ಕಥೆ. ಬಾಲ್ಯದ ಕೆಲವು ವರ್ಷಗಳನ್ನು ಅವರು ಸ್ಟಾಂಬರ್ನ್ ಎಂಬ ಹಳ್ಳಿಯಲ್ಲಿ, ಪಾದ್ರಿಯಾಗಿದ್ದ ಅಜ್ಜನ ಮನೆಯಲ್ಲಿ ಕಳೆದರು. ಆ ಕಾಲದ ಇಂಗ್ಲೆಂಡಿನಲ್ಲಿ ಕಿಟಕಿಗಳ ಮೇಲೆ ತೆರಿಗೆಯಿತ್ತು. ತೆರಿಗೆ ತಪ್ಪಿಸಲು ಜನ ಕಿಟಕಿಗಳನ್ನು ಮುಚ್ಚಿಸುತ್ತಿದ್ದರು. ಅಜ್ಜನ ಮನೆಯಲ್ಲಿ ಹೀಗೆ ಬೆಳಕು ಕಳೆದುಕೊಂಡ ಒಂದು ಕೋಣೆಯಲ್ಲಿ ಹದಿನೇಳನೆಯ ಶತಮಾನದ ಪ್ಯೂರಿಟನ್ ಲೇಖಕರ ದಪ್ಪ ದಪ್ಪ ಸಂಪುಟಗಳು ಬಿದ್ದಿದ್ದವು. ಹುಡುಗ ಅವುಗಳನ್ನು ಎಳೆದು ತಂದು ಬೆಳಕಿನಲ್ಲಿಟ್ಟುಕೊಂಡು ಓದುತ್ತಿದ್ದ. ಆ ಲೇಖಕರ ನಂಟು ಮುಂದೆಂದೂ ಬಿಡಲಿಲ್ಲ.

ಔಪಚಾರಿಕ ಉನ್ನತ ಶಿಕ್ಷಣ ಅವರಿಗೆ ದೊರೆಯಲಿಲ್ಲ. ಬ್ಯಾಪ್ಟಿಸ್ಟರದೇ ಆದ ಸ್ಟೆಪ್ನಿ ಕಾಲೇಜಿಗೆ ಸೇರುವ ಮಾತು ಬಂದಾಗ, ಕಾಲೇಜಿನ ಮುಖ್ಯಸ್ಥ ಜೋಸೆಫ್ ಆಂಗಸ್ ಅವರನ್ನು ಕೇಂಬ್ರಿಜಿನಲ್ಲಿ ಪ್ರಕಾಶಕ ಮ್ಯಾಕ್ಮಿಲನ್ನರ ಮನೆಯಲ್ಲಿ ಭೇಟಿಯಾಗುವುದೆಂದು ನಿಶ್ಚಯವಾಗಿತ್ತು. ಮನೆಯ ಕೆಲಸದಾಕೆ ತರುಣನನ್ನು ಒಂದು ಕೋಣೆಯಲ್ಲಿ ಕೂರಿಸಿ ಒಳಗೆ ತಿಳಿಸುವುದನ್ನು ಮರೆತಳು. ಆಂಗಸ್ ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಕಾದು ಕಾದು ಹೊರಟುಹೋದರು. ಸ್ಪರ್ಜನ್ ಅದನ್ನು ದೈವಸಂಕೇತವೆಂದು ತಿಳಿದು ಕಾಲೇಜಿನ ಆಸೆಯನ್ನೇ ಬಿಟ್ಟರು. 1854ರಲ್ಲಿ, ಇನ್ನೂ ಹತ್ತೊಂಬತ್ತರ ಹರೆಯದಲ್ಲಿ, ಲಂಡನ್ನಿನ ಪ್ರಮುಖ ಬ್ಯಾಪ್ಟಿಸ್ಟ್ ಸಭೆಯೊಂದರ ಬೋಧಕರಾದರು. 1861ರಲ್ಲಿ ಅವರಿಗಾಗಿ ಕಟ್ಟಿದ ಮೆಟ್ರೋಪಾಲಿಟನ್ ಟ್ಯಾಬರ್ನೇಕಲ್ ಸುಮಾರು ಐದು ಸಾವಿರ ಜನರನ್ನು ಹಿಡಿಸುತ್ತಿತ್ತು.

ಈ ಜನಪ್ರಿಯತೆಯ ಹಿಂದೆ ಓದಿನ ಕಠಿಣ ದುಡಿಮೆ ಇತ್ತು. ಹಳೆಯ ಪುಸ್ತಕದಂಗಡಿಗಳಿಂದ ಅವರು ಬೈಬಲ್ ವ್ಯಾಖ್ಯಾನಗಳನ್ನು, ವಿಶೇಷವಾಗಿ ಮರೆತುಹೋದ ಪ್ಯೂರಿಟನ್ ಗ್ರಂಥಗಳನ್ನು ಕೊಳ್ಳುತ್ತಲೇ ಹೋದರು. 1876ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ಪ್ರಕಟಿಸಿದ ಒಂದು ಪುಸ್ತಕದಲ್ಲಿ ಸಾವಿರಕ್ಕೂ ಹೆಚ್ಚು ವ್ಯಾಖ್ಯಾನಗ್ರಂಥಗಳನ್ನು ಪಟ್ಟಿಮಾಡಿ, ಯಾವುದು ಕೊಳ್ಳತಕ್ಕದ್ದು, ಯಾವುದು ಕೊಳ್ಳತಕ್ಕದ್ದಲ್ಲ ಎಂದು ಒಂದೆರಡು ವಾಕ್ಯಗಳಲ್ಲಿ ತೀರ್ಪು ಕೊಟ್ಟರು. ಕೀರ್ತನೆಗಳ ಮೇಲಿನ ಅವರ ಏಳು ಸಂಪುಟಗಳ ವ್ಯಾಖ್ಯಾನವು ನೂರಾರು ಹಿಂದಿನ ಲೇಖಕರ ಮಾತುಗಳ ಸಂಕಲನವೂ ಹೌದು. 1892ರ ಜನವರಿ 31ರಂದು ಫ್ರಾನ್ಸಿನ ಮೆಂತೊನ್ ಪಟ್ಟಣದಲ್ಲಿ ಅವರು ತೀರಿಕೊಂಡಾಗ ಲಂಡನ್ನಿನ ಮನೆಯಲ್ಲಿ ಸುಮಾರು 12,000 ಪುಸ್ತಕಗಳಿದ್ದವು. ಎಷ್ಟೋ ಪುಸ್ತಕಗಳ ಮುಂಪುಟದಲ್ಲಿ ಅವರ ಕೈಬರಹದ ಟಿಪ್ಪಣಿಗಳಿದ್ದವು. ಕೆಲವು ಮೆಚ್ಚುಗೆ, ಕೆಲವು ಚುಚ್ಚುಮಾತು.

ಪತ್ನಿ ಸುಸಾನಾ ಬದುಕಿರುವವರೆಗೂ ಸಂಗ್ರಹ ಮನೆಯಲ್ಲೇ ಉಳಿಯಿತು. 1903ರಲ್ಲಿ ಅವರು ತೀರಿಕೊಂಡ ಮೇಲೆ ಮಾರಾಟದ ಮಾತು ಬಂತು. ಅಮೆರಿಕದ ಮಿಸೌರಿ ರಾಜ್ಯದ ಲಿಬರ್ಟಿ ಎಂಬ ಸಣ್ಣ ಊರಿನಲ್ಲಿದ್ದ ವಿಲಿಯಂ ಜ್ಯುವೆಲ್ ಕಾಲೇಜು ಸಂಗ್ರಹದ ಸುಮಾರು 5,000 ಸಂಪುಟಗಳನ್ನು 500 ಪೌಂಡಿಗೆ ಕೊಂಡಿತು. ಮಿಸೌರಿಯ ಬ್ಯಾಪ್ಟಿಸ್ಟರು ಹಣ ಕೂಡಿಸಿದರು. ಒಂದು ಸಂಪುಟಕ್ಕೆ ಸರಾಸರಿ ಎರಡು ಶಿಲಿಂಗ್. ಉಳಿದ ಪುಸ್ತಕಗಳು ಬೇರೆ ಬೇರೆ ಕೈಗಳನ್ನು ಸೇರಿದವು. 1906ರ ವೇಳೆಗೆ ಪೆಟ್ಟಿಗೆಗಳು ಅಟ್ಲಾಂಟಿಕ್ ದಾಟಿ ಮಿಸೌರಿಗೆ ಬಂದಿದ್ದವು.

ಇಲ್ಲೊಂದು ಸಂಗತಿಯನ್ನು ನೆನೆಯಬೇಕು. ಸ್ಪರ್ಜನ್ ಗುಲಾಮಗಿರಿಯನ್ನು ಬಹಿರಂಗವಾಗಿ ಖಂಡಿಸಿದ್ದಕ್ಕಾಗಿ, ಅಮೆರಿಕದ ಅಂತರ್ಯುದ್ಧಕ್ಕೆ ಮುಂಚೆ ದಕ್ಷಿಣದ ರಾಜ್ಯಗಳಲ್ಲಿ ಅವರ ಪ್ರವಚನಗಳ ಪುಸ್ತಕಗಳನ್ನು ಬೀದಿಯಲ್ಲಿ ಸುಟ್ಟಿದ್ದರು. ಮಿಸೌರಿಯೂ ಆಗ ಗುಲಾಮಗಿರಿಯನ್ನು ಕಾನೂನುಬದ್ಧವಾಗಿ ಉಳಿಸಿಕೊಂಡಿದ್ದ ರಾಜ್ಯವೇ. ಅರ್ಧ ಶತಮಾನವೂ ಕಳೆಯುವ ಮೊದಲು ಅದೇ ರಾಜ್ಯದ ಜನ ಅವರ ಸ್ವಂತ ಪುಸ್ತಕಗಳನ್ನು ಚಂದಾ ಎತ್ತಿ ಕೊಂಡುತಂದರು. ಒಂದು ಸಮುದಾಯ ತಾನು ಒಮ್ಮೆ ಸುಟ್ಟದ್ದನ್ನು ಇನ್ನೊಮ್ಮೆ ಪೂಜಿಸಬಲ್ಲದು. ಪುಸ್ತಕ ಅಷ್ಟು ಕಾಲ ಉಳಿದುಕೊಳ್ಳಬೇಕು, ಅಷ್ಟೇ.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ನೂರು ವರ್ಷಗಳಲ್ಲಿ ಕಾಲೇಜಿನ ಸ್ವರೂಪ ಬದಲಾಯಿತು. ರಾಜ್ಯದ ಬ್ಯಾಪ್ಟಿಸ್ಟ್ ಸಂಘಟನೆಗೂ ಅದಕ್ಕೂ ಇದ್ದ ನಂಟು ಕಡಿಯಿತು. ಪ್ಯೂರಿಟನ್ ವ್ಯಾಖ್ಯಾನಗಳನ್ನು ಹುಡುಕಿಕೊಂಡು ಅಲ್ಲಿಗೆ ಬರುವವರು ವಿರಳವಾದರು. 2006ರಲ್ಲಿ ಕಾಲೇಜು ಸಂಗ್ರಹವನ್ನು ಸಮೀಪದ ಕಾನ್ಸಾಸ್ ಸಿಟಿಯ ಮಿಡ್‌ವೆಸ್ಟರ್ನ್ ಬ್ಯಾಪ್ಟಿಸ್ಟ್ ಸೆಮಿನರಿಗೆ 4 ಲಕ್ಷ ಡಾಲರಿಗೆ ಮಾರಿತು. ಪಾದ್ರಿಗಳನ್ನು ತರಬೇತುಗೊಳಿಸುವ ಆ ಸಂಸ್ಥೆ 2015ರಲ್ಲಿ ಸಂಗ್ರಹಕ್ಕಾಗಿಯೇ ಪ್ರತ್ಯೇಕ ಗ್ರಂಥಾಲಯವನ್ನು ತೆರೆಯಿತು. ಎರಡನೆಯ ಮಾರಾಟದಲ್ಲಿ ಪುಸ್ತಕಗಳು ಅರ್ಧ ತಾಸಿನ ಹಾದಿಯಷ್ಟು ದೂರ ಮಾತ್ರ ಸಾಗಿದವು. ಆದರೆ ಓದುಗರು ಇಲ್ಲದ ಕಡೆಯಿಂದ ಇರುವ ಕಡೆಗೆ ಬಂದವು. ಮೊದಲ ಪಯಣಕ್ಕಿಂತ ಇದೇ ದೊಡ್ಡ ಪಯಣವೆಂದು ಹೇಳಬಹುದು.

ಇನ್ನು ಲಾರ್ಡ್ ಆಕ್ಟನ್. ಕ್ಯಾಥೊಲಿಕ್ ಎಂಬ ಕಾರಣಕ್ಕೆ ಕೇಂಬ್ರಿಜಿನ ಮೂರು ಕಾಲೇಜುಗಳು ಪ್ರವೇಶ ನಿರಾಕರಿಸಿದ ಮೇಲೆ ಅವರು 1850ರಲ್ಲಿ ಮ್ಯೂನಿಕ್ ನಗರಕ್ಕೆ ಹೋಗಿ, ಚರ್ಚಿನ ಇತಿಹಾಸದ ಮಹಾವಿದ್ವಾಂಸ ಡೋಲಿಂಗರ್ ಅವರ ಶಿಷ್ಯರಾದರು. ಜರ್ಮನಿಯಲ್ಲಿ ಆಗ ಇತಿಹಾಸವೆಂದರೆ ಮೂಲ ದಾಖಲೆಗಳ ಶೋಧವೆಂಬ ಹೊಸ ಶಿಸ್ತು ಬೇರೂರುತ್ತಿತ್ತು. ಆಕ್ಟನ್ ಅದನ್ನು ಮೈಗೂಡಿಸಿಕೊಂಡರು. 1870ರಲ್ಲಿ ಪೋಪ್ ತಪ್ಪುಮಾಡಲಾರರೆಂಬ ಸಿದ್ಧಾಂತವನ್ನು ವ್ಯಾಟಿಕನ್ ಮಹಾಸಭೆ ಅಂಗೀಕರಿಸಹೊರಟಾಗ, ನಿಷ್ಠಾವಂತ ಕ್ಯಾಥೊಲಿಕರಾಗಿದ್ದುಕೊಂಡೇ ಅದನ್ನು ವಿರೋಧಿಸಿದರು. ಅಧಿಕಾರವು ಮನುಷ್ಯನನ್ನು ಕೆಡಿಸುತ್ತದೆ ಎಂಬ ಆಶಯದ, ಇಂದು ಎಲ್ಲರ ಬಾಯಲ್ಲಿರುವ ಅವರ ಮಾತು 1887ರಲ್ಲಿ ಬರೆದ ಒಂದು ಪತ್ರದ್ದು. ಅದರ ಸಂದರ್ಭವೂ ಪೋಪರ ಇತಿಹಾಸವೇ.

ಅವರ ಜೀವನದ ಸಂಕಲ್ಪ ಸ್ವಾತಂತ್ರ್ಯದ ಇತಿಹಾಸವನ್ನು ಬರೆಯುವುದಾಗಿತ್ತು. ಅದಕ್ಕಾಗಿ ಶ್ರಾಪ್‌ಶೈರ್ ಪ್ರಾಂತದ ಆಲ್ಡನ್‌ಹ್ಯಾಮ್ ಎಂಬಲ್ಲಿನ ತಮ್ಮ ಮನೆಯಲ್ಲಿ ಸುಮಾರು 60,000 ಸಂಪುಟಗಳನ್ನು ಕೂಡಿಸಿದರು. ಪುಟಪುಟಗಳ ಅಂಚಿನಲ್ಲಿ ಪೆನ್ಸಿಲಿನ ಗೆರೆ ಎಳೆದರು. ಸಾವಿರಾರು ಚೀಟಿಗಳಲ್ಲಿ ಟಿಪ್ಪಣಿ ಬರೆದರು. ಪುಸ್ತಕ ಮಾತ್ರ ಬರೆಯಲಿಲ್ಲ. ಓದಬೇಕಾದ್ದು ಇನ್ನೂ ಉಳಿದಿದೆಯೆಂಬ ಭಾವನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

1890ರ ಹೊತ್ತಿಗೆ ಅವರ ಹಣಕಾಸಿನ ಸ್ಥಿತಿ ಹದಗೆಟ್ಟು, ಸಂಗ್ರಹವನ್ನು ಹರಾಜಿಗಿಡುವುದು ಅನಿವಾರ್ಯವಾಯಿತು. ಹರಾಜೆಂದರೆ ನೂರು ಕೈಗಳಿಗೆ ಚದುರಿಹೋಗುವುದೆಂದೇ ಅರ್ಥ. ಅವರ ಆಪ್ತಮಿತ್ರ, ಮಾಜಿ ಪ್ರಧಾನಿ ಗ್ಲ್ಯಾಡ್‌ಸ್ಟನ್, ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿಯವರಿಗೆ ವಿಷಯ ತಿಳಿಸಿದರು. ಕಾರ್ನೆಗಿ ಸುಮಾರು 9,000 ಪೌಂಡ್ ಕೊಟ್ಟು ಇಡೀ ಗ್ರಂಥಾಲಯವನ್ನು ಕೊಂಡರು. ಆದರೆ ಒಂದು ಪುಸ್ತಕವನ್ನೂ ಕದಲಿಸಲಿಲ್ಲ. ಆಕ್ಟನ್ ಬದುಕಿರುವಷ್ಟು ದಿನ ಅವು ಅವರ ಕೈಯಲ್ಲೇ ಇರತಕ್ಕದ್ದು ಎಂಬ ಏರ್ಪಾಡಾಯಿತು. ವಿಷಯ ಹೊರಗೆ ಪ್ರಚಾರವಾಗಲಿಲ್ಲ.

1895ರಲ್ಲಿ, ಒಮ್ಮೆ ಬಾಗಿಲು ಮುಚ್ಚಿದ್ದ ಕೇಂಬ್ರಿಜ್ ವಿಶ್ವವಿದ್ಯಾಲಯವೇ ಆಕ್ಟನ್ನರನ್ನು ಇತಿಹಾಸದ ರೀಜಿಯಸ್ ಪ್ರಾಧ್ಯಾಪಕರನ್ನಾಗಿ ಬರಮಾಡಿಕೊಂಡಿತು. 1902ರ ಜೂನ್ 19ರಂದು, ಕಾಕತಾಳೀಯವಾಗಿ ಸ್ಪರ್ಜನ್ನರು ಹುಟ್ಟಿದ ದಿನವೇ, ಅವರು ಬವೇರಿಯಾದಲ್ಲಿ ತೀರಿಕೊಂಡರು. ಕಾರ್ನೆಗಿ ಸಂಗ್ರಹವನ್ನು ತಮ್ಮ ಸ್ನೇಹಿತ, ಲೇಖಕ ಹಾಗೂ ರಾಜಕಾರಣಿ ಜಾನ್ ಮಾರ್ಲಿಯವರಿಗೆ ಉಡುಗೊರೆಯಾಗಿ ಕೊಟ್ಟರು. ಮುಂದೆ ಭಾರತ ಮಂತ್ರಿಯಾಗಿ ಮಿಂಟೊ–ಮಾರ್ಲಿ ಸುಧಾರಣೆಗಳಿಂದ ನಮಗೆ ಪರಿಚಿತರಾದ ಮಾರ್ಲಿ ಇವರೇ. ಅಷ್ಟು ದೊಡ್ಡ ಸಂಗ್ರಹ ಒಬ್ಬ ವ್ಯಕ್ತಿಯ ಬಳಿ ಇರತಕ್ಕದ್ದಲ್ಲವೆಂದು ಬಗೆದು ಮಾರ್ಲಿ ಅದೇ ವರ್ಷ ಅದನ್ನು ಕೇಂಬ್ರಿಜಿಗೆ ಒಪ್ಪಿಸಿದರು. ಕ್ಯಾಥೊಲಿಕ್ ವಿದ್ವಾಂಸನ ಪುಸ್ತಕಗಳನ್ನು ಸ್ಕಾಟ್ಲೆಂಡ್ ಮೂಲದ ಉದ್ಯಮಿ ಕೊಂಡು, ದೇವರ ವಿಷಯದಲ್ಲಿ ಸಂದೇಹವಾದಿಯಾಗಿದ್ದ ಲೇಖಕನಿಗೆ ಕೊಟ್ಟು, ಅವನು ಪ್ರಾಟೆಸ್ಟೆಂಟ್ ವಿಶ್ವವಿದ್ಯಾಲಯಕ್ಕೆ ಕೊಟ್ಟದ್ದು ಈ ಕಥೆಯ ವಿಶೇಷ. ಮತದ ಗೆರೆಗಳು ಇಲ್ಲಿ ಯಾವ ಹಂತದಲ್ಲೂ ಅಡ್ಡ ಬರಲಿಲ್ಲ.

ಆಕ್ಟನ್ ತೀರಿಕೊಂಡ ಮೇಲೆ ಇತಿಹಾಸಕಾರ ಚಾರ್ಲ್ಸ್ ಓಮನ್ ಆಲ್ಡನ್‌ಹ್ಯಾಮಿನ ಆ ಗ್ರಂಥಾಲಯವನ್ನು ನೋಡಿಬಂದರು. ಶೀರ್ಷಿಕೆ ಬರೆದಿಟ್ಟ ಗೂಡುಗಳು, ಅವುಗಳಲ್ಲಿ ತುಂಬಿದ ಚೀಟಿಗಳು, ಮುಂದೆ ಬರೆಯಲಿದ್ದ ಮಹಾಗ್ರಂಥದ ಸುಳಿವುಗಳು. ಮನುಷ್ಯನ ವಿದ್ಯೆಯ ನಶ್ವರತೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ದೃಶ್ಯವನ್ನು ತಾವು ಕಂಡಿಲ್ಲವೆಂಬ ಅರ್ಥದಲ್ಲಿ ಅವರು ಬರೆದರು. ಆ ಖೇದ ಸಹಜವೇ. ಆದರೆ ಇನ್ನೊಂದು ದೃಷ್ಟಿಯೂ ಇದೆ. ಆಕ್ಟನ್ ಬರೆಯದ ಗ್ರಂಥಕ್ಕೆ ಆ ಸಂಗ್ರಹವೇ ಬದಲಿಯಾಗಿ ನಿಂತಿದೆ. ಯಾವ ಪುಸ್ತಕದ ಪಕ್ಕದಲ್ಲಿ ಯಾವುದನ್ನು ಓದಿದರು, ಎಲ್ಲಿ ಗೆರೆ ಎಳೆದರು ಎಂಬುದನ್ನು ಇಂದಿನ ಸಂಶೋಧಕ ಕೇಂಬ್ರಿಜಿನಲ್ಲಿ ಕುಳಿತು ಅರಿಯಬಹುದು. ಹರಾಜು ನಡೆದಿದ್ದರೆ ಪುಸ್ತಕಗಳು ಉಳಿಯುತ್ತಿದ್ದವು, ಆ ಗೆರೆಗಳ ಅರ್ಥ ಅಳಿಯುತ್ತಿತ್ತು.

ಮೂರನೆಯವರು ಮ್ಯಾಕ್ಸ್ ಮುಲ್ಲರ್. ಜರ್ಮನಿಯ ದೆಸ್ಸಾವ್ ನಗರದಲ್ಲಿ 1823ರಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ನೆಲೆಸಿ, ಸಾಯಣಭಾಷ್ಯದೊಡನೆ ಋಗ್ವೇದವನ್ನು ಸಂಪಾದಿಸಿದ ಅವರನ್ನು ನಮ್ಮ ಪಂಡಿತರು ಮೋಕ್ಷಮೂಲರ ಭಟ್ಟರೆಂದು ಕರೆದರು. ಭಾರತವನ್ನು ಅವರೆಂದೂ ಕಣ್ಣಾರೆ ಕಾಣಲಿಲ್ಲ. 1860ರಲ್ಲಿ ಆಕ್ಸ್‌ಫರ್ಡಿನ ಬೋಡನ್ ಸಂಸ್ಕೃತ ಪೀಠಕ್ಕೆ ಚುನಾವಣೆ ನಡೆದಾಗ ಅವರು 833ಕ್ಕೆ 610 ಮತಗಳಿಂದ ಮೋನಿಯರ್ ವಿಲಿಯಮ್ಸ್ ಎದುರು ಸೋತರು. ಆ ಪೀಠದ ದಾನಿಯ ಉದ್ದೇಶ ಭಾರತೀಯರನ್ನು ಕ್ರೈಸ್ತಮತಕ್ಕೆ ತರುವುದಾಗಿತ್ತು. ಮತ ಹಾಕಿದ ಪಾದ್ರಿಗಳಲ್ಲಿ ಅನೇಕರಿಗೆ ಮುಲ್ಲರರ ಕ್ರೈಸ್ತನಿಷ್ಠೆ ಸಾಕಷ್ಟು ಗಟ್ಟಿಯೆನಿಸಲಿಲ್ಲ. ಅವರು ಮಾತ್ರ ತಮ್ಮನ್ನು ಕೊನೆಯವರೆಗೂ ಕ್ರೈಸ್ತನೆಂದೇ ತಿಳಿದಿದ್ದರು.

1900ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಮರುವರ್ಷವೇ ಅವರ ಗ್ರಂಥಾಲಯವನ್ನು ಜಪಾನಿನ ಉದ್ಯಮಿ ಇವಾಸಾಕಿ ಹಿಸಾಯಾ ಕೊಂಡು ಟೋಕಿಯೊ ಸಾಮ್ರಾಜ್ಯ ವಿಶ್ವವಿದ್ಯಾಲಯಕ್ಕೆ ದಾನಮಾಡಿದರು. ಆಕ್ಸ್‌ಫರ್ಡಿನಲ್ಲಿ ಮುಲ್ಲರರ ಬಳಿ ಕಲಿತ ಜಪಾನೀ ಬೌದ್ಧ ವಿದ್ವಾಂಸರಿದ್ದರು; ಆದ್ದರಿಂದ ಆ ಪುಸ್ತಕಗಳಿಗೆ ಅಲ್ಲಿ ಯೋಗ್ಯ ವಾರಸುದಾರರಿದ್ದರು. ಸಾವಿರಾರು ಸಂಪುಟಗಳು ಒಟ್ಟಾಗಿಯೇ ಹೋದವು. ಸಂಗ್ರಹ ಅಖಂಡವಾಗಿತ್ತು, ಓದುಗರಿದ್ದರು, ಪಟ್ಟಿಯಿತ್ತು. ಏನೂ ಕೊರತೆಯಿರಲಿಲ್ಲ. 1923ರ ಸೆಪ್ಟೆಂಬರ್ 1ರಂದು ಮಹಾಭೂಕಂಪವಾಗಿ ಟೋಕಿಯೊ ಹೊತ್ತಿ ಉರಿಯಿತು. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದ್ದ ಲಕ್ಷಾಂತರ ಪುಸ್ತಕಗಳೊಡನೆ ಮುಲ್ಲರರ ಸಂಗ್ರಹವೂ ಬೂದಿಯಾಯಿತು. ಒಟ್ಟಿಗಿಡುವುದರ ಅಪಾಯವೂ ಇದೇ. ಚದುರಿದ್ದರೆ ಅರ್ಧವಾದರೂ ಉಳಿಯುತ್ತಿತ್ತೇನೋ.

ಹಾಗಾದರೆ ಮಾರುವುದು ಸರಿಯೇ, ದಾನ ಸರಿಯೇ? ಒಟ್ಟಿಗಿಡಬೇಕೇ, ಹಂಚಬೇಕೇ? ಈ ಮೂರು ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮಾರಾಟ ಅವಮಾನವಲ್ಲ. ಮಿಸೌರಿಯ ಜನ ಹಣ ಕೊಟ್ಟು ಕೊಂಡದ್ದರಿಂದಲೇ ಆ ಪುಸ್ತಕಗಳಿಗೆ ನೂರು ವರ್ಷ ನೆಲೆ ದೊರೆಯಿತು. ಬೆಲೆ ತೆತ್ತವನು ಜವಾಬ್ದಾರಿಯನ್ನೂ ಹೊರುತ್ತಾನೆ. ಕೇಳದೆ ಬಂದ ದಾನದ ಪೆಟ್ಟಿಗೆಗಳು ಗ್ರಂಥಾಲಯಗಳ ಮೂಲೆಯಲ್ಲಿ ಬಿಚ್ಚದೆಯೇ ಉಳಿಯುವುದನ್ನು ನಾವು ಕಂಡಿದ್ದೇವೆ. ವಿದ್ವಾಂಸನ ಗುರುತಿರುವ ಪುಸ್ತಕಗಳು, ಅಂದರೆ ಟಿಪ್ಪಣಿ, ಗೆರೆ, ತಿದ್ದುಪಡಿಗಳಿರುವವು, ಒಟ್ಟಿಗೆ ಉಳಿಯಬೇಕು. ಉಳಿದವು ಓದುಗನ ಕೈಗೆ ಹೋಗಬೇಕು.

ಈ ಎರಡನೆಯ ಮಾತಿಗೆ ಆಧಾರವೂ ಸ್ಪರ್ಜನ್ನರ ಮನೆಯಲ್ಲೇ ಇದೆ. ಕಾಯಿಲೆಯಿಂದ ಬಹುಕಾಲ ಮನೆಯಲ್ಲೇ ಇರಬೇಕಾಗಿದ್ದ ಸುಸಾನಾ 1875ರಲ್ಲಿ, ಮನೆಖರ್ಚಿನಿಂದ ಉಳಿಸಿಟ್ಟಿದ್ದ ಹಣದಲ್ಲಿ ಪತಿಯ ಒಂದು ಪುಸ್ತಕದ ಪ್ರತಿಗಳನ್ನು ಕೊಂಡು ಬಡ ಪಾದ್ರಿಗಳಿಗೆ ಕಳಿಸಿದರು. ಅದು ಒಂದು ನಿಧಿಯಾಗಿ ಬೆಳೆದು, ಅವರು ತೀರಿಕೊಳ್ಳುವ ಹೊತ್ತಿಗೆ ಸುಮಾರು ಎರಡು ಲಕ್ಷ ಸಂಪುಟಗಳನ್ನು ಹಂಚಿತ್ತು. ಗಂಡ ಹನ್ನೆರಡು ಸಾವಿರ ಪುಸ್ತಕಗಳನ್ನು ಒಳಗೆ ತಂದರು, ಹೆಂಡತಿ ಎರಡು ಲಕ್ಷವನ್ನು ಹೊರಗೆ ಕಳಿಸಿದರು. ಗಂಡನ ಸಂಗ್ರಹಕ್ಕೆ ಇಂದು ಸ್ವಂತ ಭವನವಿದೆ. ಹೆಂಡತಿ ಕಳಿಸಿದ ಪುಸ್ತಕಗಳು ಹಳ್ಳಿಯ ಮನೆಗಳಲ್ಲಿ ಓದಿಸಿಕೊಂಡು ಸವೆದುಹೋದವು. ಯಾವುದು ಹೆಚ್ಚು ಫಲ ಕೊಟ್ಟಿತೆಂದು ಅಳೆಯುವುದು ಸುಲಭವಲ್ಲ.

ಹೊರನಾಡಿನ ಕನ್ನಡಿಗರಾದ ನಮಗೆ ಈ ಪ್ರಶ್ನೆ ದೂರದ್ದಲ್ಲ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ಮೂವತ್ತು ನಲವತ್ತು ವರ್ಷ ನೌಕರಿ ಮಾಡಿದವರ ಮನೆಗಳಲ್ಲಿ ಕನ್ನಡ ಪುಸ್ತಕಗಳ ಕಪಾಟುಗಳಿವೆ. ರಜೆಗೆ ಊರಿಗೆ ಹೋದಾಗ ಟ್ರಂಕಿನಲ್ಲಿ ಹೊತ್ತು ತಂದವು, ಅಂಚೆಯಲ್ಲಿ ತರಿಸಿದವು, ಲೇಖಕರ ಹಸ್ತಾಕ್ಷರವಿರುವವು. ಮಕ್ಕಳು ಕನ್ನಡ ಮಾತನಾಡುತ್ತಾರೆ, ಓದುವುದಿಲ್ಲ. ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ನನ್ನಂಥವರಿಗೆ ಗೊತ್ತು: ನಿವೃತ್ತಿಯ ನಂತರ ವಸತಿಗೃಹ ತೆರವು ಮಾಡುವ ದಿನ ಬಂದಾಗ ಮೊದಲು ತೂಕಕ್ಕೆ ಬೀಳುವುದು ಪುಸ್ತಕಗಳೇ. ಊರಿನಲ್ಲಾದರೆ ಹಳೆಯ ಪುಸ್ತಕದ ವ್ಯಾಪಾರಿ ಒಂದು ಕನ್ನಡ ಪುಸ್ತಕವನ್ನು ಕೈಗೆತ್ತಿಕೊಂಡು ಹೆಸರನ್ನಾದರೂ ಓದುತ್ತಾನೆ. ದೆಹಲಿಯ ರದ್ದಿವಾಲನಿಗೆ ಪಂಪಭಾರತವೂ ಹಳೆಯ ಟೆಲಿಫೋನ್ ಡೈರೆಕ್ಟರಿಯೂ ಒಂದೇ ದರ.

ಆದರೆ ಹೊರನಾಡು ಕನ್ನಡದ ವಿದ್ಯೆಗೆ ಬರಡು ನೆಲವೇನೂ ಆಗಿರಲಿಲ್ಲ. 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟು ಒಬ್ಬ ಕ್ರೈಸ್ತ ಮಿಷನರಿಯ ದುಡಿಮೆ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಅದರ ಆವೃತ್ತಿ ಹೊರಬಂದದ್ದು ಮದ್ರಾಸ್ ವಿಶ್ವವಿದ್ಯಾಲಯದಿಂದ. ಎ. ಕೆ. ರಾಮಾನುಜನ್ ಅವರ ಕಾಗದಪತ್ರಗಳು ಇಂದು ಷಿಕಾಗೊ ವಿಶ್ವವಿದ್ಯಾಲಯದಲ್ಲಿವೆ. ಕನ್ನಡದ ಸಾಮಗ್ರಿ ಕನ್ನಡ ನಾಡಿನಲ್ಲೇ ಇರಬೇಕೆಂಬ ನಿಯಮವಿಲ್ಲ. ಅದನ್ನು ಅರಸಿ ಬರುವ ಒಬ್ಬನಾದರೂ ಓದುಗ ಅಲ್ಲಿರಬೇಕು, ಹುಡುಕಿದರೆ ಸಿಗುವಂತಿರಬೇಕು.

ಆದ್ದರಿಂದ ಈ ಕೆಲಸವನ್ನು ಉತ್ತರಾಧಿಕಾರಿಗಳಿಗೆ ಬಿಡುವುದು ಸಲ್ಲದು. ತಂದೆಯ ಕಪಾಟಿನ ಮುಂದೆ ನಿಂತ ಮಗನಿಗೆ ಲಿಪಿಯೇ ತಿಳಿಯದಿದ್ದರೆ, ಯಾವುದು ಮರುಮುದ್ರಣ, ಯಾವುದು ಇನ್ನೆಲ್ಲೂ ಸಿಗದ ಮೊದಲ ಮುದ್ರಣ, ಯಾವುದರಲ್ಲಿ ತಂದೆಯ ಕೈಬರಹವಿದೆ ಎಂದು ಅವನು ಹೇಗೆ ಬಲ್ಲ? ಕಣ್ಣು ಚೆನ್ನಾಗಿರುವಾಗಲೇ ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆದಿಡಬೇಕು. ಬಿಡಿಸಬಾರದ ಪುಸ್ತಕಗಳನ್ನು ಒಂದೇ ಕಪಾಟಿಗೆ ಸೇರಿಸಿ, ಯಾವ ಸಂಸ್ಥೆ ಸ್ವೀಕರಿಸುತ್ತದೆಂದು ಕೇಳಿ ತಿಳಿದು, ಅದರ ಹೆಸರನ್ನು ಪಟ್ಟಿಯ ಮೇಲೆ ಬರೆಯಬೇಕು. ಮಿಕ್ಕವನ್ನು ಬದುಕಿರುವಾಗಲೇ ಹಂಚತೊಡಗಬೇಕು. ಆಕ್ಟನ್ನರಿಗೆ ಗ್ಲ್ಯಾಡ್‌ಸ್ಟನ್ ಇದ್ದರು, ಗ್ಲ್ಯಾಡ್‌ಸ್ಟನ್ನರಿಗೆ ಕಾರ್ನೆಗಿ ಗೊತ್ತಿದ್ದರು. ನಮಗೆ ಹಾಗೆ ಯಾರೂ ಬರಲಾರರು. ಆ ನೋಟ್‌ಬುಕ್ಕನ್ನು ನಾವೇ ಬರೆಯಬೇಕು.